ಬಾಯ್ಕಾಟ್ ಗೊತ್ತು, ಬಾಯ್ಕಾಟ್ ಮಾಡಿದವರು ಗೊತ್ತಿಲ್ಲ

ಕಳೆದ ವರ್ಷ ಊರಿಂದ ಬಂದು ಹೋದ ಗೆಳೆಯನೊಬ್ಬ ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾನೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು, ಯೇಟ್ಸ್‌ನ ಪದ್ಯಗಳನ್ನು ಪುಸ್ತಕ ನೋಡದೆ ಹೇಳುವವನು. ಅವನಿಗೆ ಇಲ್ಲಿ ಸಿಕ್ಕಿದ್ದು ಐದೇ ದಿನ. ನಾನಿರುವುದು ಐರ್ಲೆಂಡಿನ ಪಶ್ಚಿಮದ ಮೇಯೊ ಕೌಂಟಿಯಲ್ಲಿ. ಯೇಟ್ಸ್‌ನ ಸಮಾಧಿ ಇರುವುದು ಪಕ್ಕದ ಸ್ಲೈಗೊ ಕೌಂಟಿಯ ಡ್ರಮ್‌ಕ್ಲಿಫ್‌ನಲ್ಲಿ. ಮೊದಲ ಸಂಜೆ ನಾನು ಅವನನ್ನು ಕರೆದುಕೊಂಡು ಹೋಗಿದ್ದು ಅಲ್ಲಿಗಲ್ಲ, ಒಂದು ಸಣ್ಣ ಊರಿನ ಸಮುದಾಯ ಭವನಕ್ಕೆ. ಮೂವತ್ತು ನಲವತ್ತು ಪ್ಲಾಸ್ಟಿಕ್ ಕುರ್ಚಿ, ಕೈಕೊಡುವ ಪ್ರೊಜೆಕ್ಟರ್, ಕೊನೆಯಲ್ಲಿ ಚಹಾ ಬಿಸ್ಕೆಟ್. ಅಂದಿನ ವಿಷಯ, ಹಳೆಯ ಪತ್ರಿಕೆಗಳಲ್ಲಿ ಆ ಸುತ್ತಿನ ಗೇಣಿ ತಕರಾರುಗಳು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ನಿಂತರು. ಪತ್ರಿಕೆಯಲ್ಲಿ "ಸೇತುವೆಯ ಹತ್ತಿರ" ಎಂದಿದೆಯಲ್ಲ, ಆಗ ಅಲ್ಲಿ ಎರಡು ಸೇತುವೆ ಇದ್ದವು, ನೀವು ತೋರಿಸಿದ್ದು ತಪ್ಪು ಸೇತುವೆ ಎಂದರು. ಅದರ ಮೇಲೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಕಾರು ಹತ್ತುವಾಗ ಗೆಳೆಯ ಕೇಳಿದ: "ಅಲ್ಲ ಮಾರಾಯ, ಯಾವ ಸೇತುವೆ ಅಂತ ಕೇಳೋಕೆ ನಾನು ಇಷ್ಟು ದೂರ ವಿಮಾನ ಹತ್ತಿ ಬಂದೆನಾ? ಒಂದು ದೇಶದ ಜೀವ ಅದರ ಕವಿಗಳಲ್ಲಿರುತ್ತೆ. ಹಳೇ ಪೇಪರಲ್ಲಿ ಇರೋದು ಹಂದಿ ಕದ್ದ ಕೇಸು. ಇದೆಲ್ಲ ರಿಟೈರ್ಡ್ ಜನರ ಕಾಲಕ್ಷೇಪ."

ಅವತ್ತು ನಾನು ಸುಮ್ಮನಿದ್ದೆ, ಮನೆಗೆ ಬಂದ ನೆಂಟನ ಜೊತೆ ಜಗಳವೇಕೆಂದು. ಈಗ ಸುಮ್ಮನಿರುವುದಿಲ್ಲ. ಏಕೆಂದರೆ ಅದು ಅವನೊಬ್ಬನ ಮಾತಲ್ಲ. ಕನ್ನಡದಲ್ಲಿ ಸಾಹಿತ್ಯ ಓದುವ ನಾವೆಲ್ಲ ಐರ್ಲೆಂಡನ್ನು ಒಂದು ಪುಸ್ತಕದ ಕಪಾಟಿನಂತೆಯೇ ನೋಡಿದ್ದೇವೆ. ಯೇಟ್ಸ್, ಜಾಯ್ಸ್, ಸಿಂಜ್, ಬೆಕೆಟ್. ಜೊತೆಗೆ ಮೈಸೂರಿನಲ್ಲಿ ತರುಣ ಕುವೆಂಪು ಅವರ ಇಂಗ್ಲಿಷ್ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ಹೇಳಿದ ಜೇಮ್ಸ್ ಕಸಿನ್ಸ್. ಆ ಕತೆ ಹೇಳದ ಕನ್ನಡ ಮೇಷ್ಟ್ರಿಲ್ಲ. ಆದರೆ ಕಸಿನ್ಸ್ ಅವರ ಹೆಂಡತಿ ಮಾರ್ಗರೆಟ್ ನಮ್ಮ ಪಕ್ಕದ ರಾಸ್‌ಕಾಮನ್ ಕೌಂಟಿಯ ಬಾಯ್ಲ್ ಎಂಬ ಊರಿನವರು, ಹೆಂಗಸರ ಮತದ ಹಕ್ಕಿಗಾಗಿ ಕಿಟಕಿ ಗಾಜು ಒಡೆದು 1913ರಲ್ಲಿ ಟಲ್ಲಮೋರ್ ಜೈಲಿನಲ್ಲಿದ್ದವರು ಎಂಬುದು ಎಷ್ಟು ಮೇಷ್ಟ್ರಿಗೆ ಗೊತ್ತು? ಗಂಡ ಕವಿ, ಆದ್ದರಿಂದ ಕಪಾಟಿನಲ್ಲಿ ಜಾಗ ಸಿಕ್ಕಿತು. ಹೆಂಡತಿ ಸುದ್ದಿಯಾದದ್ದು ಪತ್ರಿಕೆಯಲ್ಲಿ, ಅಲ್ಲೇ ಉಳಿದರು.

ಕಪಾಟಿಗಿಂತ ಹಳೆಯದಾದ, ಕನ್ನಡಕ್ಕೆ ಇನ್ನೂ ಹತ್ತಿರದ ಒಂದು ಐರಿಷ್ ಪದದಿಂದಲೇ ಶುರುಮಾಡುತ್ತೇನೆ. ಬಾಯ್ಕಾಟ್. ಸಿನಿಮಾ ಬಾಯ್ಕಾಟ್, ಚುನಾವಣೆ ಬಾಯ್ಕಾಟ್, ಅಂಗಡಿ ಬಾಯ್ಕಾಟ್. ಇದು ಒಬ್ಬ ಮನುಷ್ಯನ ಹೆಸರು ಎಂದು ಕೆಲವರಿಗಾದರೂ ಗೊತ್ತಿರುತ್ತದೆ. ಚಾರ್ಲ್ಸ್ ಬಾಯ್ಕಾಟ್, ಮೇಯೊ ಕೌಂಟಿಯ ಲಾಕ್ ಮಾಸ್ಕ್ ಸರೋವರದ ದಂಡೆಯಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಏಜೆಂಟ್. 1880ರಲ್ಲಿ ಬೆಳೆ ಸರಿಯಿಲ್ಲವೆಂದು ಗೇಣಿದಾರರು ಗೇಣಿಯಲ್ಲಿ ಶೇ. 25 ಇಳಿಸಿ ಎಂದರು. ಧಣಿ ಶೇ. 10 ಇಳಿಸಿದ. ಕಟ್ಟದವರನ್ನು ಒಕ್ಕಲೆಬ್ಬಿಸಲು ಬಾಯ್ಕಾಟ್ ಕೋರ್ಟಿನಿಂದ ನೋಟೀಸು ತಂದ. ಸೆಪ್ಟೆಂಬರ್ 19ರಂದು ಕ್ಲೇರ್ ಕೌಂಟಿಯ ಎನಿಸ್‌ನಲ್ಲಿ ಪಾರ್ನೆಲ್ ಭಾಷಣ ಮಾಡಿ, ಒಕ್ಕಲೆಬ್ಬಿಸಿದ ಹೊಲವನ್ನು ಹಿಡಿಯುವವನ ಜೊತೆ ಮಾತನ್ನೇ ಬಿಡಿ ಎಂದಿದ್ದರು. ಮೂರು ದಿನ ಕಳೆದು ಸೆಪ್ಟೆಂಬರ್ 22ಕ್ಕೆ ಕೋರ್ಟಿನ ಅಮೀನ ಪೊಲೀಸರನ್ನು ಕಟ್ಟಿಕೊಂಡು ಮನೆಮನೆಗೆ ನೋಟೀಸು ಹಂಚಲು ಹೊರಟ. ಮಿಸೆಸ್ ಫಿಟ್ಸ್‌ಮೋರಿಸ್ ಎಂಬ ಹೆಂಗಸು ನೋಟೀಸು ಮುಟ್ಟಲಿಲ್ಲ. ಕೆಂಪು ಬಾವುಟ ಬೀಸಿ ಉಳಿದವರಿಗೆ ಸುಳಿವು ಕೊಟ್ಟಳು. ಸುತ್ತಲಿನ ಹೆಂಗಸರು ಓಡಿ ಬಂದು ಕಲ್ಲು, ಕೆಸರು, ಸಗಣಿ ಎಸೆದು ಅಮೀನನನ್ನೂ ಪೊಲೀಸರನ್ನೂ ಬಾಯ್ಕಾಟನ ಮನೆಯೊಳಕ್ಕೆ ಓಡಿಸಿದರು.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಭಾಗ. ಆಳುಗಳು ಕೆಲಸ ಬಿಟ್ಟರು, ಕಮ್ಮಾರ ಲಾಳ ಕಟ್ಟಲಿಲ್ಲ, ಬಟ್ಟೆ ಒಗೆಯುವವಳು ಬರಲಿಲ್ಲ, ಬ್ಯಾಲಿನ್‌ರೋಬ್ ಪೇಟೆಯ ಅಂಗಡಿಯವರು ಸಾಮಾನು ಕೊಡಲಿಲ್ಲ. ಬಾಯ್ಕಾಟ್ ತನ್ನ ಗೋಳನ್ನು ಲಂಡನ್ನಿನ 'ದಿ ಟೈಮ್ಸ್'ಗೆ ಬರೆದ. ಅಕ್ಟೋಬರ್ 18ರಂದು ಅದು ಅಚ್ಚಾಯಿತು. ಅಲ್ಲಿಂದ ಲಂಡನ್, ಡಬ್ಲಿನ್, ಬೆಲ್‌ಫಾಸ್ಟಿನ ವರದಿಗಾರರು ಸಾಲುಗಟ್ಟಿ ಬಂದರು. ನವೆಂಬರಿನಲ್ಲಿ ಕ್ಯಾವನ್ ಮತ್ತು ಮೊನಹನ್ ಕೌಂಟಿಗಳಿಂದ ಐವತ್ತು ಜನ ಸ್ವಯಂಸೇವಕರು ಬಂದು, ಸುಮಾರು ಸಾವಿರ ಸೈನಿಕರು ಮತ್ತು ಪೊಲೀಸರ ಕಾವಲಿನಲ್ಲಿ ಅವನ ಆಲೂಗಡ್ಡೆ, ಟರ್ನಿಪ್ ಕಿತ್ತುಕೊಟ್ಟರು. ಬೆಳೆಯ ಬೆಲೆ ಸುಮಾರು 500 ಪೌಂಡ್, ಕಾವಲಿಗೆ ಬಿದ್ದ ಖರ್ಚು ಸುಮಾರು 10,000 ಪೌಂಡ್. ಡಿಸೆಂಬರ್ ಮೊದಲ ದಿನ ಅವನು ಐರ್ಲೆಂಡ್ ಬಿಟ್ಟು ಹೋದ. ಅಲ್ಲಿಯ ಪಾದ್ರಿ ಜಾನ್ ಒ'ಮ್ಯಾಲಿ, ದೊಡ್ಡ ದೊಡ್ಡ ಪದ ನಮ್ಮ ಜನಕ್ಕೆ ತಿಳಿಯುವುದಿಲ್ಲ, ಬಾಯ್ಕಾಟ್ ಮಾಡಿ ಎಂದರೆ ಸಾಕು ಎಂದರಂತೆ. ಹಾಗೆ ಬರೆದವನು ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್.

ಈಗ ನನ್ನ ತಕರಾರು ಕೇಳಿ. ಗೆದ್ದವರು ಗೇಣಿದಾರರು. ಆದರೆ ಪ್ರಪಂಚದ ನಿಘಂಟುಗಳಲ್ಲಿ ಉಳಿದದ್ದು ಸೋತ ಏಜೆಂಟನ ಹೆಸರು. ಬಾವುಟ ಬೀಸಿದ ಹೆಂಗಸಿಗೆ ಸ್ವಂತ ಹೆಸರೂ ಉಳಿಯಲಿಲ್ಲ, ಗಂಡನ ಮನೆತನದ ಹೆಸರಿನ ಹಿಂದೆ ಒಂದು 'ಮಿಸೆಸ್' ಅಷ್ಟೆ. ರೈಲು ಹತ್ತಿ ಬಂದ ವರದಿಗಾರರಿಗೆ ಬಾಯ್ಕಾಟನ ಊಟದ ಮನೆ ಕಂಡಿತು, ಗುಡಿಸಲುಗಳು ದೂರದಿಂದ ಕಂಡವು. ಆ ಗುಡಿಸಲುಗಳಲ್ಲಿ ಯಾರಿದ್ದರು, ಯಾರು ಎಷ್ಟು ಗೇಣಿ ಕಟ್ಟುತ್ತಿದ್ದರು, ಯಾರ ಮೇಲೆ ಯಾವ ಕೇಸಿತ್ತು ಎಂದು ಬೇಕಾದರೆ ಕ್ಯಾಸಲ್‌ಬಾರ್‌ನಿಂದ ಹೊರಡುತ್ತಿದ್ದ 'ಕನಾಟ್ ಟೆಲಿಗ್ರಾಫ್'ನಂಥ ಸ್ಥಳೀಯ ವಾರಪತ್ರಿಕೆಗಳ ನಾಲ್ಕನೇ ಪುಟದ ಸಣ್ಣಕ್ಷರಕ್ಕೆ ಹೋಗಬೇಕು. ಕೋರ್ಟಿನ ಕಲಾಪ, ಬಡವರ ವರ್ಕ್‌ಹೌಸಿನ ಮೇಲ್ವಿಚಾರಕರ ಸಭೆ, ಜಾನುವಾರು ಸಂತೆಯ ಧಾರಣೆ, ಹರಾಜಿನ ಜಾಹೀರಾತು. ಅದಾದ ಮೇಲೆ, ಆ ಹೆಸರಿನವರು ಯಾವ ತಿರುವಿನ ಯಾವ ಮನೆಯವರು ಎಂದು ಹೇಳಬಲ್ಲ ಅಜ್ಜಿ ಇರುವ ಸಮುದಾಯ ಭವನಕ್ಕೆ ಹೋಗಬೇಕು. ನನ್ನ ಗೆಳೆಯ ಆಕಳಿಸಿದ್ದು ಅಲ್ಲಿ.

ಬೇರೆ ದೇಶಗಳಲ್ಲಿ ಪತ್ರಿಕೆ ಉಪಾಧಾರ, ಮುಖ್ಯ ದಾಖಲೆ ಸರ್ಕಾರದ ಕಡತ. ಐರ್ಲೆಂಡಿಗೆ ಆ ಅದೃಷ್ಟವಿಲ್ಲ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲೇ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ದಾಖಲೆಗಳ ಕಚೇರಿ ಸ್ಫೋಟಿಸಿ ಉರಿದುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಮನೆಮನೆ ಪಟ್ಟಿ ಬಹುಪಾಲು ಅಲ್ಲೇ ಬೂದಿ. 1861ರಿಂದ 1891ರವರೆಗಿನ ನಾಲ್ಕನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶಮಾಡಿತ್ತು. ಪೂರ್ತಿಯಾಗಿ ಉಳಿದ ಮೊದಲ ಜನಗಣತಿ 1901ರದು. ಅಂದರೆ ಮಹಾ ಕ್ಷಾಮದ ಕಾಲದ, ಬಾಯ್ಕಾಟನ ಕಾಲದ ಬಡ ಸಂಸಾರವೊಂದು ಹೆಸರು ಹಿಡಿದು ನಮಗೆ ಸಿಗುವ ಜಾಗಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಹಂದಿ ಕದ್ದ ಕೇಸು.

ಹೌದು, ಹಂದಿ ಕದ್ದ ಕೇಸೇ. ಐರಿಷ್ ಗುಡಿಸಲುಗಳಲ್ಲಿ ಹಂದಿಯನ್ನು 'ಗೇಣಿ ಕಟ್ಟುವ ಸಾಹೇಬ' ಎಂದು ಕರೆಯುತ್ತಿದ್ದರು. ಆಲೂಗಡ್ಡೆ ಮನೆಯವರ ಹೊಟ್ಟೆಗೆ, ಹಂದಿ ಧಣಿಯ ಲೆಕ್ಕಕ್ಕೆ. ಹಂದಿ ಕಳುವಾದರೆ ಗೇಣಿ ಹೋಯಿತು, ಗೇಣಿ ಹೋದರೆ ಮನೆ ಹೋಯಿತು. ಕೋರ್ಟಿನ ಆ ಆರು ಸಾಲನ್ನು ಓದಿ ನಗುವವನಿಗೆ ಆ ದೇಶದ ಜೀವ ಎಲ್ಲಿದೆ ಎಂದು ಯಾವ ಕವಿ ಹೇಳಿಕೊಟ್ಟಾನು?

ಕವಿಗಳ ವಿಷಯವನ್ನು ಗೆಳೆಯನೇ ಎತ್ತಿದ್ದರಿಂದ ಇನ್ನೊಂದು ಹೇಳುತ್ತೇನೆ. ಅವನು ತರಗತಿಯಲ್ಲಿ ಸಿಂಜ್‌ನ 'ದಿ ಪ್ಲೇಬಾಯ್ ಆಫ್ ದಿ ವೆಸ್ಟರ್ನ್ ವರ್ಲ್ಡ್' ಪಾಠ ಮಾಡುತ್ತಾನೆ. ಅಪ್ಪನನ್ನು ಕೊಂದೆನೆಂದು ಹೇಳಿಕೊಂಡು ಬಂದ ಹುಡುಗನನ್ನು ಮೇಯೊದ ಹಳ್ಳಿಯೊಂದು ವೀರನನ್ನಾಗಿ ಮಾಡುವ ನಾಟಕ. 1907ರಲ್ಲಿ ಡಬ್ಲಿನ್ನಿನ ಆ್ಯಬಿ ರಂಗಮಂದಿರದಲ್ಲಿ ಗಲಾಟೆಯಾಯಿತು ಎಂಬುದನ್ನೂ ಹೇಳಿಕೊಡುತ್ತಾನೆ. ಅದರ ಹಿಂದಿರುವ ಮೂಲಗಳಲ್ಲಿ ಮೇಯೊದ ಆಕಿಲ್ ದ್ವೀಪದ ಪ್ರಕರಣವೂ ಒಂದು. 1894ರ ಅಕ್ಟೋಬರಿನಲ್ಲಿ ಜೇಮ್ಸ್ ಲಿಂಚಹಾನ್ ಎಂಬವನು ಆಗ್ನೆಸ್ ಮ್ಯಾಕ್‌ಡೊನೆಲ್ ಎಂಬ ಜಮೀನ್ದಾರಿಣಿಯ ಮೇಲೆ ಬಿದ್ದು, ಮನೆಗೆ ಬೆಂಕಿ ಬಿತ್ತು, ಆಕೆಯ ಮುಖ ಶಾಶ್ವತವಾಗಿ ವಿರೂಪವಾಯಿತು. ಅವನಿಗೆ ಜೀವಾವಧಿ ಶಿಕ್ಷೆಯಾಯಿತು, 1902ರಲ್ಲಿ ಜೈಲಿನಿಂದ ಪರಾರಿಯಾದ. 1903ರಲ್ಲಿ ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ಅವನನ್ನು ಹಿಂದಕ್ಕೆ ಕಳಿಸುವುದಿಲ್ಲ, ಅಪರಾಧ ರಾಜಕೀಯದ್ದು ಎಂದು ತೀರ್ಪಾಯಿತು. ಅಲ್ಲಿಂದ ಅವನು ದಂತಕತೆ. ಸಿಂಜ್‌ನ ನಾಟಕದಲ್ಲಿ ಹೆಂಗಸೊಬ್ಬಳ ಮೂಗು ಕಚ್ಚಿದವನ ಪ್ರಸ್ತಾಪ ಒಂದು ಹಾರಿಕೆಯ ತಮಾಷೆಯಾಗಿ ಬಂದುಹೋಗುತ್ತದೆ. ಅದು ಈ ಪ್ರಕರಣದ ಕಡೆಗಿನ ಬೆರಳು ಎಂದು ವಿದ್ವಾಂಸರು ಗುರುತಿಸಿದ್ದಾರೆ. ನಾಟಕ ದೊಡ್ಡದು, ನಾನೂ ಮೆಚ್ಚಿದವನೇ. ಆದರೆ ಅರ್ಧ ಸಾಲಿನ ನಗೆಯಾಗಿ ಉಳಿದ ಆಕೆ ಇನ್ನೂ ಹಲವು ವರ್ಷ ಆ ಮುಖ ಹೊತ್ತು ಬದುಕಿದ್ದಳು. ಅವಳ ಕೈಕೆಳಗಿನ ಒಕ್ಕಲುಗಳಿಗೆ ಅವಳ ಬಗ್ಗೆ ಅವರದೇ ದೂರುಗಳಿದ್ದವು. ಎರಡೂ ಸಿಗುವುದು ವಿಚಾರಣೆಯ ಉದ್ದುದ್ದ ವರದಿಗಳಲ್ಲಿ. ನಾಟಕ ಓದಿ ಮೇಯೊ ಗೊತ್ತಾಯಿತು ಎನ್ನುವವನಿಗೆ ಎರಡೂ ಗೊತ್ತಿರುವುದಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಪಕ್ಷದವರ ಮೇಲೂ ನನಗೆ ಸಿಟ್ಟಿದೆ. ಹಳೆಯ ಪತ್ರಿಕೆಗಳನ್ನು ವೇದವಾಕ್ಯದಂತೆ ಓದುವವರು ಒಂದು ಕಡೆ. 1879ರ ಏಪ್ರಿಲ್ 20ರಂದು ಮೇಯೊದ ಐರಿಷ್‌ಟೌನ್‌ನಲ್ಲಿ ನಡೆದ ರೈತರ ಸಭೆಯಿಂದ ಲ್ಯಾಂಡ್ ಲೀಗ್ ಚಳವಳಿಯ ದಾರಿ ತೆರೆಯಿತು. ಆ ಸಭೆಯ ವಿವರಕ್ಕೆ ನಾವೆಲ್ಲ ಮುಖ್ಯವಾಗಿ ನಂಬಿರುವುದು 'ಕನಾಟ್ ಟೆಲಿಗ್ರಾಫ್' ಅನ್ನು. ಅದರ ಸಂಪಾದಕ ಜೇಮ್ಸ್ ಡೇಲಿ. ಸಭೆ ಕರೆದವರಲ್ಲಿ ಮುಂದಾಳು ಯಾರು? ಅದೇ ಜೇಮ್ಸ್ ಡೇಲಿ! ತನ್ನ ಮನೆ ಮದುವೆಗೆ ಎಷ್ಟು ಜನ ಬಂದಿದ್ದರು ಎಂದು ತಾನೇ ಬರೆದಂತೆ. ಸೇರಿದ ಜನರ ಲೆಕ್ಕದಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಸಾವಿರಾರು ವ್ಯತ್ಯಾಸವಿದೆ. ಚಳವಳಿಯ ಪಿತಾಮಹನೆನಿಸಿದ ಮೈಕಲ್ ಡಾವಿಟ್ ಅಂದು ಅಲ್ಲಿ ಇರಲೇ ಇಲ್ಲ.

ಹುಡುಕು ಪೆಟ್ಟಿಗೆಯವರು ಇನ್ನೊಂದು ಕಡೆ. ಪತ್ರಿಕೆಗಳೆಲ್ಲ ಡಿಜಿಟಲ್ ಆಗಿವೆ, ಹಲವು ಕೌಂಟಿ ಗ್ರಂಥಾಲಯಗಳಲ್ಲಿ ಪುಕ್ಕಟೆಯಾಗಿ ನೋಡಬಹುದು. ಬಹಳ ಒಳ್ಳೆಯದು. ಆದರೆ ಬಂದವರು ತಮ್ಮ ಮುತ್ತಜ್ಜನ ಹೆಸರು ಹೊಡೆಯುತ್ತಾರೆ, ಮೂರು ತುಣುಕು ಸಿಗುತ್ತದೆ, ಪ್ರಿಂಟ್ ತೆಗೆದುಕೊಂಡು ಹೊರಡುತ್ತಾರೆ. ಫಿಟ್ಸ್‌ಮೋರಿಸ್ ಎಂದು ಹುಡುಕಿದರೆ ಫಿಟ್ಸ್‌ಮಾರಿಸ್ ಸಿಗುವುದಿಲ್ಲ. ಮಸಿ ಹರಡಿದ ಅಕ್ಷರವನ್ನು ಯಂತ್ರ ತನಗೆ ತೋಚಿದಂತೆ ಓದುತ್ತದೆ. ಅದಕ್ಕಿಂತ ಹೆಚ್ಚಾಗಿ, ಮುತ್ತಜ್ಜನ ಕೇಸಿನ ಪಕ್ಕದ ಕಾಲಮ್ಮಿನಲ್ಲಿ ಆ ವಾರದ ಓಟ್ಸ್ ಧಾರಣೆ ಬಿದ್ದುಹೋಗಿದೆ ಎಂದಿರುತ್ತದೆ, ಕೇಸಿನ ಕಾರಣ ಅದೇ ಆಗಿರುತ್ತದೆ. ಪುಟ ಓದದವನಿಗೆ ಅದು ಕಾಣುವುದಿಲ್ಲ. ನಾನು ಮೊದಲ ವರ್ಷವಿಡೀ ಮಾಡಿದ್ದು ಇದೇ ತಪ್ಪು.

ಇನ್ನು ಜನರ ಬಾಯಲ್ಲಿರುವುದೇ ನಿಜವಾದ ಇತಿಹಾಸ, ಅಚ್ಚಾದದ್ದೆಲ್ಲ ಧಣಿಗಳದ್ದು ಎನ್ನುವವರು. ಇಂಥವರು ನಮ್ಮಲ್ಲೂ ಬೇಕಾದಷ್ಟಿದ್ದಾರೆ, ಕೇಳಲು ಇಂಪಾಗಿಯೇ ಇರುತ್ತದೆ. 1937ರಿಂದ 39ರವರೆಗೆ ಇಲ್ಲಿ 26 ಕೌಂಟಿಗಳ ಸುಮಾರು 5,000 ಶಾಲೆಗಳ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಬರೆದ ಟಿಪ್ಪಣಿಗಳ ದೊಡ್ಡ ಸಂಗ್ರಹವಿದೆ, ಸುಮಾರು 7,40,000 ಪುಟ. ನಾನು ಮೇಯೊದ ಕ್ಷಾಮದ ನೆನಪುಗಳನ್ನು ಅದರಲ್ಲಿ ತಿಂಗಳುಗಟ್ಟಲೆ ಓದಿದ್ದೇನೆ. ಹಸಿವಿನಿಂದ ಸತ್ತವರು ಬಹುತೇಕ ಯಾವಾಗಲೂ ಆಚೆ ಮನೆಯವರು, ಗುಡ್ಡದಾಚೆಯವರು. ಹೇಳುವವರ ಮನೆಯಲ್ಲಿ ಯಾರೂ ಸತ್ತಂತಿಲ್ಲ. ಸಮುದಾಯ ಭವನದಲ್ಲೂ ಹಾಗೆಯೇ. ಇಷ್ಟು ವರ್ಷದಲ್ಲಿ ನಾನು ಭೇಟಿಯಾದವರ ಮುತ್ತಜ್ಜಂದಿರೆಲ್ಲ ಲ್ಯಾಂಡ್ ಲೀಗಿನವರೇ. ಒಕ್ಕಲೆಬ್ಬಿಸಿದ ಹೊಲವನ್ನು ಕದ್ದುಮುಚ್ಚಿ ಹಿಡಿದವನ ಮರಿಮಗ ಒಬ್ಬನೂ ಸಿಕ್ಕಿಲ್ಲ. ಅಂಥವರನ್ನು ಹೆಸರಿಟ್ಟು ಖಂಡಿಸಿದ ಲೀಗ್ ಶಾಖೆಗಳ ನಿರ್ಣಯಗಳು ಮಾತ್ರ ಪತ್ರಿಕೆಗಳಲ್ಲಿ ಹಾಗೇ ಇವೆ. ಒಮ್ಮೆ ಒಂದು ಊರಿನಲ್ಲಿ ಭಾಷಣಕಾರರು ಅಂಥ ಪಟ್ಟಿಯನ್ನು ಪರದೆಯ ಮೇಲೆ ಹಾಕಿದಾಗ ಚಹಾ ಲೋಟದ ಸದ್ದೂ ನಿಂತುಹೋಗಿತ್ತು. ಆ ಸಂಜೆ ಯಾರೂ ಸೇತುವೆ ಬಗ್ಗೆ ಜಗಳವಾಡಲಿಲ್ಲ.

ಆದ್ದರಿಂದ ನನ್ನ ವಾದ ಪತ್ರಿಕೆ ದೊಡ್ಡದು ಎಂದಲ್ಲ, ಜನರ ಮಾತು ದೊಡ್ಡದು ಎಂದೂ ಅಲ್ಲ. ಒಂದನ್ನು ಇನ್ನೊಂದರ ಎದುರು ಸಾಕ್ಷಿಕಟ್ಟೆಗೆ ಹತ್ತಿಸುವ ಕೆಲಸ ನಡೆಯುವುದು ಆ ಪ್ಲಾಸ್ಟಿಕ್ ಕುರ್ಚಿಗಳ ನಡುವೆ. ಕಾಲಕ್ಷೇಪ ಎಂದು ನಗುವವರಿಗೆ ನಮ್ಮ ಪಕ್ಕದ ಗಾಲ್ವೇ ಕೌಂಟಿಯ ಟ್ಯೂಮ್ ಪಟ್ಟಣವನ್ನು ತೋರಿಸುತ್ತೇನೆ.

ಟ್ಯೂಮ್‌ನಲ್ಲಿ ಹಳೆಯ ವರ್ಕ್‌ಹೌಸ್ ಕಟ್ಟಡವಿತ್ತು. 1925ರಿಂದ 1961ರವರೆಗೆ ಬಾನ್ ಸೆಕೂರ್ ಸನ್ಯಾಸಿನಿಯರು ಅದರಲ್ಲಿ ಮದುವೆಯಾಗದೆ ತಾಯಂದಿರಾದವರ ಮತ್ತು ಅವರ ಮಕ್ಕಳ 'ಹೋಮ್' ನಡೆಸಿದರು. ಕ್ಯಾಥರೀನ್ ಕಾರ್ಲೆಸ್ ಅದೇ ಊರಿನ ಶಾಲೆಯಲ್ಲಿ ಓದಿದವರು. ಹೋಮ್‌ನ ಮಕ್ಕಳು ತರಗತಿಯಲ್ಲಿ ಬೇರೆಯಾಗಿ ಕೂರುತ್ತಿದ್ದರು. ಒಮ್ಮೆ ಖಾಲಿ ಚಾಕಲೇಟ್ ಕಾಗದವನ್ನು ಸುತ್ತಿ ಅಂಥ ಒಬ್ಬಳು ಹುಡುಗಿಗೆ ಕೊಟ್ಟು ನಕ್ಕದ್ದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಲ್ಲ, ರೈತನ ಹೆಂಡತಿ. ಸಂಜೆಯ ಸ್ಥಳೀಯ ಇತಿಹಾಸದ ತರಗತಿಗೆ ಹೋಗಿ ಹುಡುಕುವುದನ್ನು ಕಲಿತರು. ಊರಿನವರ ಪಿಸುಮಾತು, ಹಳೆಯ ನಕ್ಷೆ, ಸ್ಮಶಾನದ ದಾಖಲೆ, ಸಾವಿನ ನೋಂದಣಿ, ಒಂದರ ಮೇಲೊಂದು ಇಟ್ಟು ನೋಡಿದರು. ಸಾವಿನ ಪ್ರಮಾಣಪತ್ರಗಳನ್ನು ತಾವೇ ದುಡ್ಡು ಕೊಟ್ಟು ತರಿಸಿದರು. 796 ಮಕ್ಕಳು. ಅವರನ್ನು ಎಲ್ಲಿ ಹೂಳಿದರು ಎಂಬ ದಾಖಲೆ ಮಾತ್ರ ಇಲ್ಲ. ಹೋಮ್‌ನ ಹಿತ್ತಲಿನಲ್ಲಿ, ಹಳೆಯ ನಕ್ಷೆಯಲ್ಲಿ ಕೊಳಚೆ ತೊಟ್ಟಿ ಎಂದು ಗುರುತಿದ್ದ ಕಡೆ, 1975ರಲ್ಲಿ ಆಟವಾಡುತ್ತಿದ್ದ ಇಬ್ಬರು ಹುಡುಗರಿಗೆ ಎಲುಬುಗಳು ಕಂಡಿದ್ದವು.

ಕಾರ್ಲೆಸ್ ಇದನ್ನು ಬರೆದದ್ದು 2012ರಲ್ಲಿ, ಓಲ್ಡ್ ಟ್ಯೂಮ್ ಸೊಸೈಟಿಯ ಪತ್ರಿಕೆಯಲ್ಲಿ. ಊರಿನವರು ಬರೆದು ಊರಿನವರೇ ಓದುವ, ನನ್ನ ಗೆಳೆಯ ಕೈಯಲ್ಲೂ ಹಿಡಿಯದ ಜಾತಿಯ ಪತ್ರಿಕೆ. 2014ರಲ್ಲಿ ದೊಡ್ಡ ಪತ್ರಿಕೆಗಳು ಎಚ್ಚೆತ್ತವು, 2015ರಲ್ಲಿ ಸರ್ಕಾರ ಆಯೋಗ ನೇಮಿಸಿತು. 2017ರಲ್ಲಿ ಆಯೋಗ ನೆಲದಡಿಯ ಕೋಣೆಗಳಲ್ಲಿ ಶಿಶುಗಳ ಅವಶೇಷಗಳಿರುವುದನ್ನು ಖಚಿತಪಡಿಸಿತು. ತನಿಖೆಗೊಳಗಾದ 18 ಸಂಸ್ಥೆಗಳಲ್ಲಿ ಸುಮಾರು 9,000 ಮಕ್ಕಳು ಸತ್ತಿದ್ದರು ಎಂದು 2021ರ ವರದಿ ಹೇಳಿತು. ಮರುದಿನವೇ ಪ್ರಧಾನಿ ಮೀಹಾಲ್ ಮಾರ್ಟಿನ್ ದೇಶದ ಪರವಾಗಿ ಕ್ಷಮೆ ಕೇಳಿದರು. 2025ರ ಜುಲೈಯಲ್ಲಿ ಟ್ಯೂಮ್‌ನ ಆ ಜಾಗದ ಅಗೆತ ಶುರುವಾಯಿತು.

ಐರ್ಲೆಂಡ್ ಅಷ್ಟು ದಶಕ ದೊಡ್ಡ ಕವಿಗಳಿಲ್ಲದೆ ಬಡವಾಗಿತ್ತೇ? ಆ ಹೋಮ್ ತೆರೆಯುವ ಎರಡು ವರ್ಷ ಮೊದಲು ಯೇಟ್ಸ್‌ಗೆ ನೊಬೆಲ್ ಬಂದಿತ್ತು. ಅವರು ಸೆನೆಟಿನಲ್ಲೂ ಕೂತಿದ್ದರು. ತಪ್ಪು ಯೇಟ್ಸ್‌ರದ್ದೆಂದು ನಾನು ಹೇಳುತ್ತಿಲ್ಲ. ಪಟ್ಟಣದ ನಡುವೆಯೇ ಒಂದು ಎತ್ತರದ ಗೋಡೆಯಿತ್ತು, ಅದರಾಚೆ ಇಣುಕಿದ್ದು ಕವನವಲ್ಲ, ಪ್ರಮಾಣಪತ್ರಗಳ ಕಟ್ಟು ಹಿಡಿದ ಒಬ್ಬ ಗೃಹಿಣಿ ಎಂದಷ್ಟೇ ಹೇಳುತ್ತಿದ್ದೇನೆ.

ಗೆಳೆಯನಿಗೆ ಈ ಬರಹದ ಕರಡು ಕಳಿಸಿದ್ದೆ. "ಬಯ್ಯೋಕೆ ನಾನೇ ಬೇಕಿತ್ತಾ?" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಆ ಕೆಂಪು ಬಾವುಟದ ಹೆಂಗಸಿನ ಬಗ್ಗೆ ಇನ್ನೇನಾದರೂ ಇದ್ದರೆ ಕಳಿಸು" ಎಂದ. ಬರುವ ಆಗಸ್ಟಿನಲ್ಲಿ, ಊರೂರಲ್ಲೂ ಇಂಥ ಭಾಷಣಗಳು ನಡೆಯುವ ಹೆರಿಟೇಜ್ ವಾರದ ಹೊತ್ತಿಗೆ, ಮತ್ತೆ ಬರುತ್ತಾನಂತೆ. ಈ ಸಲ ಡ್ರಮ್‌ಕ್ಲಿಫ್‌ಗೆ ಖಂಡಿತ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ದಾರಿಯಲ್ಲಿ ಲಾಕ್ ಮಾಸ್ಕ್ ನೋಡಿಕೊಂಡು ಹೋಗೋಣ ಎಂದೂ ಹೇಳಿದ್ದೇನೆ. ಅದು ಪೂರ್ತಿ ವಿರುದ್ಧ ದಿಕ್ಕಿನಲ್ಲಿದೆ ಎಂದು ಅವನಿಗೆ ಇನ್ನೂ ಹೇಳಿಲ್ಲ.